ಗಾಳಿಯ ಉಪ್ಪು ಬಂದ ವರ್ಷ

ಮದುವೆಗೆ ಮುಂಚೆ ಕೂದಲಿಗೆ ಬಣ್ಣ ಹಾಕಿಸಿಕೊಳ್ಳಲೇಬೇಕೆಂದು ಮೊಮ್ಮಗಳು ಹಟ ಹಿಡಿದಳು. ಒಬ್ಬಳೇ ಹೋಗಲು ಬೇಸರವೆಂದು ನನ್ನನ್ನೂ ಎಳೆದುಕೊಂಡು ಹೋದಳು. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಂದು ಮಹಡಿ ಹತ್ತಿ ಗಾಜಿನ ಬಾಗಿಲು ನೂಕಿದರೆ ಒಳಗೆ ತಂಪು ಗಾಳಿ, ಹಾಡು, ಸುತ್ತಲೂ ಕನ್ನಡಿ. ಎಲ್ಲಿ ತಿರುಗಿದರೂ ನನ್ನದೇ ಸುಕ್ಕು ಮುಖ. ಅಲ್ಲಿನ ಹುಡುಗಿ ಬಟ್ಟಲಿನಲ್ಲಿ ಏನೋ ಕಲಸತೊಡಗಿದಳು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣಲ್ಲಿ ನೀರು ತುಂಬಿತು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

"ಹೆದರಬ್ಯಾಡ್ರಿ ಅಜ್ಜಿ, ಅಮೋನಿಯಾ ವಾಸನಿ ಅದು. ಜರಾ ಹೊತ್ತಿಗೆ ಹೋಗ್ತದ," ಎಂದಳು ಹುಡುಗಿ.

"ನನಗ ಹೇಳ್ತಿ ಏನವ್ವ? ನಿಮ್ಮವ್ವ ಹುಟ್ಟೂಕಿಂತ ಮೊದಲ ನನಗ ಇದರ ಗುರ್ತು ಅದ," ಎಂದೆ.

ಇಬ್ಬರೂ ನಕ್ಕರು. ನಗಲಿ ಬಿಡಿ. ನನ್ನ ಕಣ್ಣ ಮುಂದೆ ಆಗ ಪಾರ್ಲರೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಕಮಲಾಪುರದ ನಮ್ಮ ಬಾಳೆ ತೋಟ ಇತ್ತು, ದನ ನೀರು ಕುಡಿಯುವ ಕಲ್ಲಿನ ದೋಣಿ ಇತ್ತು, ಸೆರಗಿನಿಂದ ಮುಖ ಮುಚ್ಚಿಕೊಂಡು ಕೂಗುತ್ತಿದ್ದ ನಮ್ಮ ಆಯಿ ಇದ್ದಳು.

ಪೊಲೀಸ್ ಆ್ಯಕ್ಷನ್ ಮುಗಿದ ಮರುವರ್ಷದ ಮಾತು ಅದು. ನಿಜಾಮನ ದರ್ಬಾರು ಹೋಗಿತ್ತು, ಹೈದರಾಬಾದ್ ರಾಜ್ಯವೆಂಬ ಹೆಸರು ಉಳಿದಿತ್ತು. ಕಲಬುರಗಿಯನ್ನು ಎಲ್ಲರೂ ಗುಲ್ಬರ್ಗಾ ಎನ್ನುತ್ತಿದ್ದರು. ಕಚೇರಿಯಲ್ಲಿ ಉರ್ದುವೇ ನಡೆಯುತ್ತಿತ್ತು, ನಾನು ಕಲಿತ ನಾಲ್ಕು ಅಕ್ಷರವೂ ಉರ್ದುವಿನವೇ. ನಮ್ಮ ಮನೆಯಲ್ಲಿ ಇದ್ದವರು ಮೂವರು ಹೆಂಗಸರು: ಅಪ್ಪನ ತಾಯಿ ನೀಲಮ್ಮ ಆಯಿ, ನಮ್ಮವ್ವ, ಹದಿನಾರು ತುಂಬಿದ ನಾನು. ರಜಾಕಾರರ ಗದ್ದಲ ಶುರುವಾಗುವ ಮೊದಲೇ ಅಪ್ಪ ಜ್ವರ ಬಂದು ತೀರಿಕೊಂಡಿದ್ದ. ಅವನು ಬಿಟ್ಟುಹೋದದ್ದು ಒಂದು ಬಾವಿ, ಒಂದು ಜೋಡಿ ಎತ್ತು, ಒಂದು ಸಣ್ಣ ಕೆಂಪು ಬಾಳೆಯ ತೋಟ.

ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಅದರ ಪರಿಮಳ ಗೊತ್ತು, ಬೆಳೆದವರಿಗೆ ಅದರ ಧಿಮಾಕು ಗೊತ್ತು. ಬೇರೆ ಬಾಳೆ ಕೊಟ್ಟದ್ದನ್ನು ಉಂಡು ಸುಮ್ಮನಿರುತ್ತದೆ. ಇದು ಹೊಸ ಅಳಿಯನ ಹಾಗೆ ದಿನವೂ ಉಪಚಾರ ಕೇಳುತ್ತದೆ. ಬುಡಕ್ಕೆ ಬುಟ್ಟಿಗಟ್ಟಲೆ ಕುರಿ ಹಿಕ್ಕೆ ಬೀಳಬೇಕು. ಅದಕ್ಕಾಗಿ ಪ್ರತಿ ವರ್ಷ ಕುರುಬರ ಮಾಳಪ್ಪ ತನ್ನ ಹಿಂಡನ್ನು ತಂದು ತೋಟದ ಪಕ್ಕದ ಬರಿ ಹೊಲದಲ್ಲಿ ತರುಬುತ್ತಿದ್ದ. ತರುಬುವುದೆಂದರೆ ರಾತ್ರಿಯೆಲ್ಲ ಕುರಿಗಳನ್ನು ಒಂದೇ ಕಡೆ ಕೂಡಿ ಮಲಗಿಸುವುದು. ಬೆಳಗಾದರೆ ನೆಲದ ತುಂಬ ಹಿಕ್ಕೆ. ನಾವು ಬಳಿದು ಗಿಡಗಳ ಬುಡಕ್ಕೆ ಹಾಕುತ್ತಿದ್ದೆವು, ಅವನಿಗೆ ಜೋಳ ಅಳೆದು ಕೊಡುತ್ತಿದ್ದೆವು. ಗದ್ದಲದ ವರ್ಷ ಮಾಳಪ್ಪ ಹೆದರಿ, ಹಿಂಡು ಹೊಡೆದುಕೊಂಡು ಸೊಲ್ಲಾಪುರದ ಕಡೆ ಗಡಿ ದಾಟಿದ. ಹೋದವನು ಮರಳಲಿಲ್ಲ. ಹಿಕ್ಕೆ ಕಾಣದ ಗಿಡಗಳು ಹಳದಿಯಾಗಿ, ಕಾಮಾಲೆ ಹಿಡಿದವರಂತೆ ನಿಂತವು.

ಆಷಾಢದಲ್ಲಿ ಗುಲ್ಬರ್ಗಾದಿಂದ ಶಾಂತಪ್ಪ ಕಾಕಾ ಬಂದ. ಅಪ್ಪನ ತಮ್ಮ, ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟುಕೊಂಡಿದ್ದ. ತೋಟದಲ್ಲಿ ಒಂದು ಸುತ್ತು ಹಾಕಿ ಬಂದು ಕಟ್ಟೆಯ ಮೇಲೆ ಕುಳಿತ.

"ವೈನಿ, ನಾ ಕೆಟ್ಟಾಂವ ಅಲ್ಲ," ಎಂದ ಅತ್ತಿಗೆಯಾದ ಅವ್ವನಿಗೆ. "ಕಾಲ ಸುದ್ದ ಇಲ್ಲ. ಮೂರು ಮಂದಿ ಹೆಣಮಕ್ಕಳು ಇಲ್ಲಿ ಇರಾದು ನನಗ ಸರಿ ಕಾಣಂಗಿಲ್ಲ. ಶಿವರಾತ್ರಿ ತನಕ ನೋಡ್ತೀನಿ. ಗೊನಿ ಬಿಟ್ಟು ಹಣ್ಣಾತಂದ್ರ ತೋಟಾ ನಿಮ್ಮ ಕೈಯಾಗೇ ಇರ್ಲಿ. ಇಲ್ಲಂದ್ರ ಗಿಡಾ ಕೀಳ್ಸಿ ಜೋಳಾ ಹಾಕ್ಸ್ತೀನಿ. ನೀವು ಬಂದು ನಮ್ಮ ಮನಿಯಾಗ ಇರ್ರಿ."

ಅವನ ಮಾತಿನಲ್ಲಿ ವಿಷ ಇರಲಿಲ್ಲ, ಅದೇ ಕಷ್ಟ. ಬೈಯುವವನಿಗೆ ತಿರುಗಿ ಬೈಯಬಹುದು, ಅಕ್ಕರೆಯಿಂದ ಮನೆ ಬಿಡಿಸುವವನಿಗೆ ಏನು ಹೇಳುವುದು? ಕಾಕಾ ಹೋದ ಮೇಲೆ ಅವ್ವ ಆಯಿಯ ಮುಂದೆ ಒಂದೇ ಮಾತು ಆಡಿದಳು: "ಇನ್ನೊಬ್ಬರ ಒಲಿ ಮುಂದ ಕುಂತು ಉಣ್ಣಾದು ನನ್ನ ಕೈಲಿ ಆಗಂಗಿಲ್ಲ ಅತ್ತಿ."

ಆ ದಿನಗಳಲ್ಲಿ ಬೇಸಾಯ ಖಾತೆಯ ಖಾದರ್ ಸಾಹೇಬರು ಸೈಕಲ್ ಏರಿ ನಮ್ಮ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದರು. ಅವರ ಜೊತೆಯವರು ಎಷ್ಟೋ ಜನ ನೌಕರಿ ಬಿಟ್ಟು ಎಲ್ಲೆಲ್ಲಿಗೋ ಹೋಗಿದ್ದರು. ಇವರು ಹೋಗಿರಲಿಲ್ಲ. ನಮ್ಮ ಗಿಡಗಳ ಬಣ್ಣ ನೋಡಿ, "ಸರ್ಕಾರದಿಂದ ಹೊಸಾ ಗೊಬ್ಬರ ಬಂದಾದ ಅಮ್ಮಾ. ನಮೂನಾ ತೋರ್ಸಾಕ ಒಂದು ಚೀಲಾ ನಿಮಗ ಕೊಡಸ್ತೀನಿ. ಗುಲ್ಬರ್ಗಾಕ್ಕ ಬರ್ರಿ," ಎಂದರು.

ಅವ್ವ, ನಾನು ಬಸ್ಸು ಹತ್ತಿ ಹೋದೆವು. ಮೊದಲು ಕಾಕಾನ ಮನೆ. ಕಾಕಿ ಹಾಲು ಸಕ್ಕರೆ ಹಾಕಿ ಚಹಾ ಮಾಡಿದಳು. ಅಡಿಗೆ ಮನೆಯ ಪಕ್ಕದ ಒಂದು ಮೂಲೆಯನ್ನು ಗುಡಿಸಿ ಸಾರಿಸಿ ಇಟ್ಟಿದ್ದಳು. ಗೋಡೆಗೆ ಹೊಸ ಗೂಟ ಬಡಿಸಿದ್ದಳು.

"ಇಲ್ಲಿ ನಿಮ್ಮ ಟ್ರಂಕು ಹಿಡೀತದ ನೋಡ್ರಿ ಅಕ್ಕಾ. ಸೀರಿ ಹಾಕ್ಕೊಳಾಕ ಗೂಟಾನೂ ಬಡಸೀನಿ," ಎಂದಳು ಪ್ರೀತಿಯಿಂದ. ಅವ್ವ ಆ ಗೂಟವನ್ನು ನೋಡಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಚಹಾದ ಬಸಿ ಅವಳ ಕೈಯಲ್ಲೇ ಆರಿತು.

ಸ್ಟೇಷನ್ ಹತ್ತಿರದ ಗೋದಾಮಿನಲ್ಲಿ ಖಾದರ್ ಸಾಹೇಬರು ಚೀಲದ ಬಾಯಿ ಬಿಚ್ಚಿ ತೋರಿಸಿದರು. ಬೆಳ್ಳಗೆ, ಸಕ್ಕರೆ ಹಳಕಿನಂತೆ ಮಿನುಗುವ ಪುಡಿ. ನಾನು ಯಾರಿಗೂ ಕಾಣದಂತೆ ಒಂದು ಹರಳು ನಾಲಗೆಗೆ ಇಟ್ಟುಕೊಂಡೆ. ಉಪ್ಪಿಗಿಂತ ಕಟು, ಆಮೇಲೆ ತಣ್ಣಗೆ.

"ಇದು ಯಾವ ಗಣಿಯಾಗ ಸಿಗ್ತದ್ರಿ?" ಎಂದು ಅವ್ವ ಕೇಳಿದಳು.

ಸಾಹೇಬರು ನಕ್ಕು ಕೈಯನ್ನು ಗಾಳಿಯಲ್ಲಿ ಆಡಿಸಿದರು. "ಇದರಾಗ ಸಿಗ್ತದ ಅಮ್ಮಾ. ಹವಾದಾಗ."

ನಾವಿಬ್ಬರೂ ಅವರ ಬರಿಗೈಯನ್ನೇ ನೋಡಿದೆವು. ಅವರು ಅಲ್ಲೇ ಚೀಲದ ಮೇಲೆ ಕುಳಿತು ಬಿಡಿಸಿ ಹೇಳಿದರು. ನಾವು ಉಸಿರಾಡುವ ಗಾಳಿಯಲ್ಲಿ ಬಹುಪಾಲು ಒಂದು ವಸ್ತು ಇದೆ, ಅದೇ ಗಿಡದ ಹಸಿರಿಗೆ ಆಹಾರ. ಆದರೆ ಗಿಡಕ್ಕೆ ಅದನ್ನು ನೇರ ತಿನ್ನಲು ಬಾರದು. ದೂರದ ದೇಶಗಳಲ್ಲಿ ಅದಕ್ಕಾಗಿ ಕಾರ್ಖಾನೆ ಕಟ್ಟಿದ್ದಾರೆ. ಗೋಡೆಯಷ್ಟು ದಪ್ಪದ ಉಕ್ಕಿನ ಹಂಡೆಗಳಲ್ಲಿ ಗಾಳಿಯನ್ನು ತುರುಕಿ, ಬೆಂಕಿಯಷ್ಟು ಕಾಯಿಸಿ, ನೀರಿನಿಂದ ತೆಗೆದ ಇನ್ನೊಂದು ಗಾಳಿಯ ಜೊತೆ ಬಲವಂತದಿಂದ ಗಂಟು ಹಾಕುತ್ತಾರೆ. ಆಗ ಮೂಗು ಸುಡುವ ಒಂದು ಹಬೆ ಹುಟ್ಟುತ್ತದೆ, ಅದರ ಹೆಸರು ಅಮೋನಿಯಾ. ಆ ಹಬೆಗೆ ತೇಜಾಬು, ಅಂದರೆ ಆಮ್ಲ, ಕುಡಿಸಿದರೆ ಅದು ತಣ್ಣಗಾಗಿ ಈ ಉಪ್ಪಾಗಿ ಕೂಡುತ್ತದೆ.

ಅಬ್ಬಾ! ಬಸ್ಸಿನ ನೆತ್ತಿಯ ಮೇಲೆ ಚೀಲ, ಒಳಗೆ ಕಿಟಕಿಯ ಪಕ್ಕ ನಾನು. ದಾರಿಯುದ್ದಕ್ಕೂ ಮುಖಕ್ಕೆ ಬೀಸುವ ಗಾಳಿಯನ್ನು ಅಂಗೈಯಲ್ಲಿ ಹಿಡಿದು ಹಿಡಿದು ನೋಡಿದೆ. ಅದುವರೆಗೆ ಗಾಳಿಯೆಂದರೆ ಏನೂ ಇಲ್ಲದ್ದು ಎಂದು ತಿಳಿದಿದ್ದೆ. ಆ ದಿನ ಊರು ಮುಟ್ಟುವ ಹೊತ್ತಿಗೆ ನನಗೆ ಬೇರೆಯೇ ಲೋಕ ಕಾಣಿಸಿತು. ತಲೆಯ ಮೇಲಿನ ಬಯಲೆಲ್ಲ ಅನ್ನದಿಂದ ತುಂಬಿದೆ, ಕೆಳಗೆ ನಾವು ಹಸಿದುಕೊಂಡು ಕೂತಿದ್ದೇವೆ ಎನ್ನಿಸಿ ಮೈ ಜುಂ ಎಂದಿತು.

ಆಯಿ ಮಾತ್ರ ಚೀಲದ ಸುತ್ತ ಒಂದು ಸುತ್ತು ಹಾಕಿ ಮೂಗು ಮುರಿದಳು. "ಗಾಳಿ ಬಂದಾಗ ತೂರಿಕೋಬೇಕು ಅಂತ ಹಿರ್ಯಾರು ಹೇಳ್ಯಾರ. ಇವ್ರು ಗಾಳೀನೇ ತೂರಿ ಕಾಳು ತಗದಾರಂತೇನು? ಮಳ್ಳಾದಿ ನೀ."

ನಂಬದಿದ್ದರೂ ಸೊಸೆಗೆ ಬೇಡವೆನ್ನಲಿಲ್ಲ. ಆದರೆ ಆಯಿಗೆ ಒಂದು ನೇಮ ಇತ್ತು. ಒಲೆಯ ಬೂದಿ ಬೆರೆಸದ ಯಾವ ಗೊಬ್ಬರವೂ ನಮ್ಮ ಹೊಲಕ್ಕೆ ಬೀಳುವಂತಿರಲಿಲ್ಲ. ವರ್ಷವೆಲ್ಲ ತೊಗರಿ ಕಟ್ಟಿಗೆ ಉರಿಸಿ, ಅದರ ಬೂದಿಯನ್ನು ಹಿತ್ತಲ ಕುಣಿಯಲ್ಲಿ ಕೂಡಿಡುತ್ತಿದ್ದಳು. ಹಿಕ್ಕೆಗೆ ಬೂದಿ, ಬೀಜಕ್ಕೆ ಬೂದಿ, ಸೊಪ್ಪಿಗೆ ಬೂದಿ. ಖಾದರ್ ಸಾಹೇಬರು, ಗಿಡಕ್ಕೆ ಒಂದೊಂದು ಹಿಡಿ ಹಾಕಿ ಮಣ್ಣು ಮುಚ್ಚಿ ನೀರು ಬಿಡಿ ಎಂದಷ್ಟೇ ಹೇಳಿದ್ದರು. ಬೂದಿ ಬೆರೆಸಬೇಡಿ ಎಂದು ಅವರೇಕೆ ಹೇಳಿಯಾರು? ಅಂಥದ್ದೊಂದು ಪದ್ಧತಿ ನಮ್ಮ ಮನೆಯಲ್ಲಿದೆ ಎಂದು ಅವರಿಗೇನು ಗೊತ್ತು?

"ಈ ಉಪ್ಪು ಭಾಳ ಕಾವಿಂದು. ಹಾಂಗೇ ಹಾಕಿದ್ರ ಬೇರು ಸುಡ್ತದ. ಬೂದಿ ಹಾಕಿ ಹದಾ ಮಾಡೂಣು," ಎಂದಳು ಆಯಿ.

ಶ್ರಾವಣದ ಒಂದು ಸೋಮವಾರ. ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಲಿನ ದೋಣಿಯ ನೀರು ಬಸಿದು, ಅದರಲ್ಲಿ ಅರ್ಧ ಚೀಲ ಸುರಿದೆವು. ಆಯಿ ಹಣೆಗೆ ವಿಭೂತಿ ಇಟ್ಟುಕೊಂಡು, ದೋಣಿಗೂ ಮೂರು ಬೆರಳು ಎಳೆದು, ಬುಟ್ಟಿ ಬುಟ್ಟಿ ಬೂದಿ ಹಾಕಿಸಿದಳು. ಅವ್ವ ಸಲಿಕೆಯಿಂದ ತಿರುವಿದಳು, ನಾನು ನೀರು ಚಿಮುಕಿಸಿದೆ. ಮೂಗಿಗೆ ಏನೋ ಚುಚ್ಚಿದ ಹಾಗಾಯಿತು. "ಹಸೀ ಬೂದಿ ವಾಸನಿ," ಎಂದು ಆಯಿ ಅದರ ಮೇಲೆ ಒದ್ದೆ ಗೋಣಿತಟ್ಟು ಮುಚ್ಚಿಸಿದಳು. ಹದಕ್ಕೆ ಬರಲಿ ಎಂದು ಬಿಟ್ಟು ಊಟಕ್ಕೆ ಹೋದೆವು.

ಮಧ್ಯಾಹ್ನ ಆಯಿಯೇ ಬಗ್ಗಿ ಗೋಣಿತಟ್ಟು ಎಳೆದಳು. ಒಳಗಿಂದ ಎದ್ದದ್ದು ಕಣ್ಣಿಗೆ ಕಾಣಲಿಲ್ಲ, ಆದರೆ ಮುಖಕ್ಕೆ ಬಡಿಗೆಯಿಂದ ಹೊಡೆದಂತಾಯಿತು. ಉಸಿರು ಕಟ್ಟಿತು, ಗಂಟಲು ಉರಿಯಿತು. ಗೂಟಕ್ಕೆ ಕಟ್ಟಿದ್ದ ಎತ್ತುಗಳು ಹಗ್ಗ ಹರಿದುಕೊಂಡು ಓಡಿದವು. "ಸತ್ತೆನಲ್ಲೋ ಶಿವನೇ! ಕಣ್ಣು ಹೋತಲ್ಲೋ!" ಎಂದು ಆಯಿ ಕುಸಿದಳು. ಅವ್ವ ಕೆಮ್ಮುತ್ತ ಅವಳ ತೋಳು ಹಿಡಿದು ಎಳೆದಳು, ನಾನು ಕಾಲು ಹಿಡಿದೆ.

ಗೊಬ್ಬರ ಹಾಕಿದ್ದು ನೋಡಲೆಂದು ಅದೇ ಹೊತ್ತಿಗೆ ಖಾದರ್ ಸಾಹೇಬರು ಬಂದರು. ಸೈಕಲ್ಲನ್ನು ಬಿಸಾಕಿ ಓಡಿಬಂದು, ತಮ್ಮ ತಗಡಿನ ಬಾಟಲಿಯ ನೀರನ್ನು ಆಯಿಯ ಕಣ್ಣಿಗೆ ಸುರಿದರು. ಅದು ಮುಗಿದದ್ದಕ್ಕೆ ನಮ್ಮ ಕೊಡವನ್ನೇ ಎತ್ತಿ ಸುರಿದರು. ಅನ್ಯಜಾತಿಯವರು ಮುಟ್ಟಿದ ನೀರನ್ನು ಅಂಗಳದಾಚೆ ಚೆಲ್ಲಿಸುತ್ತಿದ್ದ ಆಯಿ ಆ ದಿನ ಅವರ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಇನ್ನಷ್ಟು ಹಾಕೋ ಯಪ್ಪಾ, ಇನ್ನಷ್ಟು ಹಾಕು," ಎನ್ನುತ್ತಿದ್ದಳು.

ಎಲ್ಲ ಶಾಂತವಾದ ಮೇಲೆ ಬೇವಿನ ಮರದ ಕೆಳಗೆ ಕುಳಿತೆವು. ಆಯಿಯ ಕಣ್ಣು ಕೆಂಪಾಗಿದ್ದವು, ಆದರೆ ಕಾಣುತ್ತಿತ್ತು. ಸಾಹೇಬರು ದೋಣಿಯನ್ನು ದೂರದಿಂದಲೇ ನೋಡಿ ಹಣೆ ಹಣೆ ಚಚ್ಚಿಕೊಂಡರು.

"ಅರೇ ಅಮ್ಮಾ, ಹವಾ ಹವಾಕ್ಕ ಹೋಗಿಬಿಟ್ಟದ! ತೇಜಾಬು ಹಾಕಿ ಅದನ್ನ ಕಟ್ಟಿ ಕುಂಡ್ರಿಸಿದ್ರು. ನಿಮ್ಮ ಬೂದಿ ಹೋಗಿ ಆ ಗಂಟು ಬಿಚ್ಚಿಬಿಟ್ಟದ."

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೇಳಿದಳು: "ಅಂದ್ರ, ಅಷ್ಟು ದೊಡ್ಡ ಕಾರ್ಖಾನಿ ಕಟ್ಟಿದ ಗಂಟನ್ನ ನಮ್ಮ ತೊಗರಿ ಕಟ್ಟಿಗಿ ಬೂದಿ ಬಿಚ್ಚಿತೇನು?"

"ಹೌದ್ರಿ ಅಮ್ಮಾ."

"ಅಂದ್ರ ಗಾಳಿ ಅದರಾಗ ಖರೇನೇ ಇತ್ತು."

"ಖರೇನೇ ಇತ್ರಿ."

ಆಗ ಆಯಿ ಎದ್ದು ದೋಣಿಯ ಕಡೆ ಎರಡೂ ಕೈ ಮುಗಿದಳು. ಭಯಕ್ಕೆ ಮುಗಿದಳೋ ಭಕ್ತಿಗೆ ಮುಗಿದಳೋ, ಎರಡೂ ಇದ್ದಿರಬೇಕು. ನನಗೂ ಹಾಗೇ ಅನ್ನಿಸಿತ್ತು. ಹೇಳಿದರೆ ನಂಬದಿದ್ದದ್ದನ್ನು ಮೂಗು, ಕಣ್ಣು, ಗಂಟಲು ನಂಬಿಸಿದ್ದವು. ಸಾಹೇಬರು ಆಗಲೇ ಇನ್ನೊಂದು ಮಾತನ್ನೂ ಹೇಳಿದರು. ಬಾಳೆಗೆ ಹಾಕುವ ಈ ಗಾಳಿಯಿಂದಲೇ ಫಿರಂಗಿಗೆ ತುಂಬುವ ಸಿಡಿಮದ್ದೂ ಆಗುತ್ತದಂತೆ. ಹೋದ ವರ್ಷ ಹುಮನಾಬಾದ್ ದಾರಿಯ ಕಡೆಯಿಂದ ಗುಡುಗಿನಂಥ ಸದ್ದು ಕೇಳಿ ನಾವು ಮೂವರೂ ಕಣಜದ ಹಿಂದೆ ಅಡಗಿದ್ದು ನೆನಪಾಯಿತು. "ಹೊಟ್ಟಿ ತುಂಬ್ಸಾದೂ ಇದೇ, ಹೊಟ್ಟಿ ಸೀಳಾದೂ ಇದೇ ಅನ್ರಿ," ಎಂದಳು ಅವ್ವ. ಸಾಹೇಬರು ನೆಲ ನೋಡುತ್ತ ಹೂಂ ಎಂದರು.

ಬೆರಗೆಲ್ಲ ಇಳಿದ ಮೇಲೆ ಆಯಿಗೆ ಅಳು ಬಂತು. ಉಳಿದದ್ದು ಅರ್ಧ ಚೀಲ. ಇನ್ನೊಂದು ಚೀಲ ಆ ವರ್ಷ ಸಿಗುವಂತಿರಲಿಲ್ಲ. "ಸೊಸಿ ಹೊಟ್ಟಿ ಮ್ಯಾಲ ನಾನೇ ಹೊಡದೆನಲ್ಲೇ," ಎಂದು ಎದೆ ಬಡಿದುಕೊಂಡಳು. ಅವ್ವ ಅವಳ ಕೈ ಹಿಡಿದು ಕೆಳಗಿಳಿಸಿದಳು. "ಅರ್ಧ ಅದಲ್ಲ ಅತ್ತಿ. ಅರ್ಧಕ್ಕರ ಹಾಕೂಣು," ಎಂದಳು. ಬಾವಿಯ ಕಡೆಯ ಅರ್ಧ ತೋಟಕ್ಕೆ, ಗಿಡಕ್ಕೊಂದು ಹಿಡಿಯಂತೆ ಹಾಕಿ, ಮಣ್ಣು ಮುಚ್ಚಿ, ನೀರು ಬಿಟ್ಟೆವು. ರಸ್ತೆಯ ಕಡೆಯ ಅರ್ಧ ಹಾಗೇ ಉಳಿಯಿತು.

ಆಮೇಲಿನದನ್ನು ನಾನು ದಿನಾ ನೋಡಿದೆ. ಮೊದಲು ನಡುವಿನ ಸುಳಿ ತಿಳಿಹಸಿರಾಯಿತು. ಗಣಪತಿ ಹಬ್ಬದ ಹೊತ್ತಿಗೆ ಎಲೆಗಳು ಕಪ್ಪಿಡುವಷ್ಟು ಹಸಿರಾದವು. ಗಿಡದ ಕಾಂಡ ಕೆಂಪೇರಿ ದಪ್ಪವಾಯಿತು. ಬದುವಿನ ಮೇಲೆ ನಿಂತರೆ ಒಂದು ಕಡೆ ಹಸಿದ ಹಳದಿ, ಇನ್ನೊಂದು ಕಡೆ ಉಂಡ ಹಸಿರು, ನಡುವೆ ನೂಲು ಹಿಡಿದ ಹಾಗೆ ಗೆರೆ. ಊರಿನವರು ನೋಡಲು ಬಂದರು. ಗಾಳಿ ತಿಂದ ತೋಟ ಎಂದು ಹೆಸರೇ ಬಿತ್ತು. ಆಯಿ ಬಂದವರಿಗೆಲ್ಲ ದೋಣಿಯ ಕಥೆಯನ್ನು ತಾನೇ ಗೆದ್ದವಳಂತೆ ಹೇಳುತ್ತಿದ್ದಳು. ಖಾದರ್ ಸಾಹೇಬರು ಬಂದರೆ ಈಗ ಒಳಗೆ ಕರೆದು ರೊಟ್ಟಿ ಹಾಕುತ್ತಿದ್ದಳು.

ದೀಪಾವಳಿಗೆ ಬಾವಿಯ ಕಡೆಯ ಗಿಡಗಳು ಗೊನೆ ಹಾಕಿದ್ದವು. ಆಗ ಮಾಳಪ್ಪ ಬಂದ. ಸೊರಗಿದ್ದ, ಹಿಂಡೂ ಕರಗಿತ್ತು. ತೋಟದ ಮುಂದೆ ನಿಂತು, ಆ ಹಸಿರು ನೋಡಿ ಅವನ ಮುಖ ಬಾಡಿತು.

"ಯಾರ ಹಿಂಡು ತರುಬಿಸಿದ್ರಿ ಅವ್ವಾ?"

ಅವ್ವ ಒಳಗಿಂದ ಖಾಲಿ ಚೀಲ ತಂದು ತೋರಿಸಿ, ಎಲ್ಲ ಹೇಳಿದಳು. ಅವನು ಚೀಲವನ್ನು ಮೂಸಿದ. ಒಳಗೆ ಕೈ ಹಾಕಿ ನೋಡಿದ, ಏನೂ ಇರಲಿಲ್ಲ. "ಹಂಗಾರ ಇನ್ನ ನಮ್ಮ ಕೆಲಸಾ ಇಲ್ಲ ಅನ್ರಿ," ಎಂದು ಕೋಲು ಎತ್ತಿಕೊಂಡ.

"ಎಲ್ಲಿಗಿ ಹೊಂಟಿ? ರಸ್ತಾ ಕಡೀ ಅರ್ಧ ಇನ್ನೂ ಹಸದದ, ಕಾಣವಲ್ದೇನು?" ಎಂದಳು ಅವ್ವ. "ನಮ್ಮತ್ತಿ ಬೂದಿ ಹಾಕಿ ನಿನಗಂತ ಉಳಿಸ್ಯಾಳ. ತರುಬು ಹೋಗು."

ಆಯಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಆ ಸಂಜೆ ಕುರಿಗಳ ಸದ್ದು ನಮ್ಮ ಹೊಲಕ್ಕೆ ಮರಳಿ ಬಂತು. ಮುಂದೆ ಬೇಕಾದಷ್ಟು ಚೀಲ ಸಿಗತೊಡಗಿದ ಮೇಲೂ ಅವ್ವ ಆ ಗೆರೆ ಅಳಿಸಲಿಲ್ಲ. ಬಾವಿಯ ಕಡೆ ಗಾಳಿಗೆ, ರಸ್ತೆಯ ಕಡೆ ಕುರಿಗೆ.

ಉಳಿದವರು ಅಷ್ಟು ತಡೆಯಲಿಲ್ಲ. ಚೀಲದ ಮೇಲೆ ಚೀಲ ಸುರಿದರು. ಕಣ್ಣಾರೆ ಕಂಡಿದ್ದೇನೆ, ಒಂದೊಂದು ಬರದಲ್ಲಿ ಗಂಜಿಗೆ ಸಾಲು ನಿಲ್ಲುತ್ತಿದ್ದ ನಾಡು ಗೋದಾಮು ಸಾಲದಷ್ಟು ಬೆಳೆಯಿತು. ನೆಲ ಗಟ್ಟಿಯಾದದ್ದನ್ನೂ ಕಂಡಿದ್ದೇನೆ, ಬಾವಿ ನೀರು ಕೆಟ್ಟದ್ದನ್ನೂ ಕೇಳಿದ್ದೇನೆ. ಭೂಮಿಯ ಮೇಲೆ ಇಷ್ಟೊಂದು ಜನ ಉಂಡು ಬದುಕಿರುವುದು ಆ ಉಕ್ಕಿನ ಹಂಡೆಗಳಿಂದ. ನಮ್ಮ ಮೈಯ ಮಾಂಸದಲ್ಲೇ ಎಷ್ಟೋ ಪಾಲು ಯಾವುದೋ ಕಾರ್ಖಾನೆಯ ಹೊಟ್ಟೆ ಹೊಕ್ಕು ಬಂದ ಗಾಳಿ. ಮುಂದೆ ನಾನು ವಿಜ್ಞಾನ ಕಲಿಸುವ ಮಾಸ್ತರತಿಯಾದೆ. ಪ್ರತಿ ವರ್ಷ ಈ ಪಾಠಕ್ಕೆ ಬಂದಾಗ ತೊಗರಿ ಗಿಡ ಕಿತ್ತು ತಂದು, ಅದರ ಬೇರಿನ ಸಣ್ಣ ಗಂಟುಗಳನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಗಾಳಿಯನ್ನು ಅನ್ನ ಮಾಡುವ ಅದೇ ಕೆಲಸವನ್ನು ನಮ್ಮ ತೊಗರಿ ಬೆಂಕಿಯಿಲ್ಲದೆ, ಸದ್ದಿಲ್ಲದೆ, ಮಣ್ಣೊಳಗೆ ಮಾಡುತ್ತಲೇ ಇತ್ತು. ನಾವು ಅದರ ಕಟ್ಟಿಗೆ ಸುಟ್ಟು ಬೂದಿ ಮಾಡಿಕೊಂಡು ಕೂತಿದ್ದೆವು. ಇದನ್ನು ಹೇಳುವಾಗ ಪ್ರತಿ ಸಲ ನಾನು ಆ ಗಿಡಕ್ಕೆ ಕೈ ಮುಗಿಯುತ್ತಿದ್ದೆ, ಮಕ್ಕಳು ಮುಸಿಮುಸಿ ನಗುತ್ತಿದ್ದರು.

ಆ ವರ್ಷದ ಶಿವರಾತ್ರಿ ಬಂತು. ಹೇಳಿದ ಮಾತಿನಂತೆ ಕಾಕಾ ಖಾಲಿ ಗಾಡಿ ಹೂಡಿಕೊಂಡು ಬಂದ. ಅವ್ವನ ಟ್ರಂಕು, ಪಾತ್ರೆ, ಹಾಸಿಗೆ ಕಟ್ಟಲು ಹಗ್ಗವನ್ನೂ ತಂದಿದ್ದ. ರಸ್ತೆಯಿಂದ ನೇರ ಮನೆಗೆ ಬರುವವನು ಬದುವಿನ ಮೇಲೆ ಗಾಡಿ ನಿಲ್ಲಿಸಿ ಇಳಿದ. ಬಾವಿಯ ಕಡೆ ಗಿಡಕ್ಕೊಂದು ಗೊನೆ ಬಾಗಿತ್ತು, ಕಾಯಿ ಬಲಿತು ಕೆಂಪೇರಿದ್ದವು. ರಸ್ತೆಯ ಕಡೆ ಹಿಕ್ಕೆ ಉಂಡ ಗಿಡಗಳಲ್ಲಿ ಹೊಸ ಸುಳಿ ಹಸಿರಾಗಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗೊನೆಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದ.

"ವೈನಿ," ಎಂದ ಕೊನೆಗೆ, "ಅಷ್ಟು ದೂರದಿಂದ ಗಾಡಿ ತಂದೀನಿ."

"ಖಾಲಿ ಕಳಸ್ತೀವೇನು?" ಎಂದಳು ಅವ್ವ, ಕುಡಗೋಲು ಕೈಗೆ ತಗೊಂಡು.

ಟ್ರಂಕಿಗೆಂದು ತಂದ ಹಗ್ಗದಲ್ಲಿ ಗೊನೆಗಳನ್ನು ಕಟ್ಟಿದೆವು. ಮುಂದಿನ ಓದಿಗೆಂದು ಅದೇ ಗಾಡಿಯಲ್ಲಿ ಅವ್ವ ನನ್ನನ್ನೂ ಕಳಿಸಿದಳು, ತೋಟದ ಹಣ್ಣೇ ನನ್ನ ಖರ್ಚಿಗೆ ಆಗುವುದೆಂದು. ಗುಲ್ಬರ್ಗಾ ಮುಟ್ಟಿದ ಮೇಲೆ ಕಾಕಿ ಎಲ್ಲಕ್ಕಿಂತ ದೊಡ್ಡ ಗೊನೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡಿಗೆ ಮನೆಗೆ ಹೋದಳು. ಸಾರಿಸಿಟ್ಟ ಆ ಮೂಲೆಯಲ್ಲಿ, ಅವ್ವನ ಸೀರೆಗೆಂದು ಬಡಿಸಿದ ಗೂಟಕ್ಕೆ ಅದನ್ನು ತೂಗುಹಾಕಿದಳು. ಅವ್ವ ಇದ್ದಷ್ಟು ವರ್ಷವೂ ಶಿವರಾತ್ರಿಗೆ ಆ ಗೂಟಕ್ಕೆ ಕಮಲಾಪುರದ ಗೊನೆಯೇ ಬಿದ್ದದ್ದು. ಅವಳ ಸೀರೆ ಒಂದು ದಿನವೂ ಬೀಳಲಿಲ್ಲ.